ಬದಲಿ ಯಾರು?

ನನ್ನ ತಂಗಿ ಕಾಲೇಜಿನಲ್ಲಿ ಮೈನರ್ ತೆಗೆದುಕೊಂಡಳು ಎಂಬ ಸುದ್ದಿ ಮನೆಯಲ್ಲಿ ಮೊದಲು ಬಿದ್ದದ್ದು ಅಜ್ಜಿಯ ಕಿವಿಗೆ. ಅಜ್ಜಿಯ ಕಿವಿಗೆ ಹೋದ ಸುದ್ದಿ ಹೋದ ಹಾಗೆಯೇ ಹೊರಗೆ ಬಂದದ್ದನ್ನು ನಾನು ಕಂಡಿಲ್ಲ.

"ಮೈನರ್ರಾ? ಹತ್ತೊಂಬತ್ತು ತುಂಬಿದ ಕತ್ತೆ, ನೀನು ಹೇಗೆ ಮೈನರ್ ಆಗ್ತೀಯ? ಕಾಲೇಜಿನೋರಿಗೆ ವಯಸ್ಸು ಸುಳ್ಳು ಹೇಳಿದಿಯೇನೇ?"

"ಅಯ್ಯೋ ಅಜ್ಜಿ, ವಯಸ್ಸಿನ ಮಾತಲ್ಲ. ನನ್ನ ಮುಖ್ಯ ಓದು ಕಾಮರ್ಸ್. ಅದರ ಪಕ್ಕದಲ್ಲಿ ಇನ್ನೊಂದು ಚಿಕ್ಕ ಓದು, ಅದಕ್ಕೆ ಮೈನರ್ ಅಂತಾರೆ. ಕಲಾ ಉದ್ಯಮ ಮತ್ತು ನಿರ್ವಹಣೆ."

"ಅಂದ್ರೆ?"

"ಅಂದ್ರೆ ನಾಟಕ, ಸಂಗೀತ ಮಾಡೋರು ತಂಡ ಹೇಗೆ ನಡೆಸಬೇಕು, ಅದರಿಂದ ಹೊಟ್ಟೆ ಹೇಗೆ ಹೊರೀಬೇಕು ಅಂತ."

"ಅದನ್ನೂ ಹೇಳ್ಕೊಡ್ತಾರಾ? ನಿಮ್ಮ ತಾತನಿಗೆ ಯಾರೂ ಹೇಳ್ಕೊಡ್ಲಿಲ್ಲ ನೋಡು," ಎಂದು ಅಜ್ಜಿ ನಿಟ್ಟುಸಿರು ಬಿಟ್ಟಳು.

ಅಪ್ಪನಿಗೆ ಮಾತ್ರ ಖುಷಿಯೋ ಖುಷಿ. ಅಪ್ಪ ಜಾದೂಗಾರ. ಊರಲ್ಲಿ ಎಲ್ಲರೂ ಪ್ರೊಫೆಸರ್ ಅಂತಲೇ ಕರೆಯುವುದು. ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ, ಆದರೆ ಈ ಕಸುಬಿನಲ್ಲಿ ಕಪ್ಪು ಕೋಟು ಹಾಕಿದವನೆಲ್ಲ ಪ್ರೊಫೆಸರೇ. ಶಾಲೆಗಳಲ್ಲಿ, ಹುಟ್ಟುಹಬ್ಬಗಳಲ್ಲಿ, ಕಾರ್ಖಾನೆಗಳ ವಾರ್ಷಿಕೋತ್ಸವದಲ್ಲಿ ನಮ್ಮ ಆಟ. ನಮ್ಮ ಅಂದರೆ ಮನೆಮಂದಿಯದು. ಅಪ್ಪ ವೇದಿಕೆಗೆ, ನಾನು ಬೆಳಕು ಮತ್ತು ಧ್ವನಿಗೆ, ಅಮ್ಮ ಪೆಟ್ಟಿಗೆಗೆ. ಹಗಲು ನಾನು ಒಂದು ಅಂಗಡಿಯಲ್ಲಿ ಫ್ಯಾನು, ಮಿಕ್ಸಿ ರಿಪೇರಿ ಮಾಡುತ್ತೇನೆ. ತಿಂಗಳ ಸಂಬಳ ತರುವವನು ನಾನೊಬ್ಬನೇ ಆದ್ದರಿಂದ ಮನೆಯಲ್ಲಿ ನನ್ನ ಮಾತಿಗೆ ಒಂದಿಷ್ಟು ತೂಕ ಇರಬೇಕಿತ್ತು. ಎಲ್ಲಿಂದ ಬರಬೇಕು!

ನಮ್ಮ ಆಟದ ಜೀವ ಇದ್ದದ್ದು ಆ ಪೆಟ್ಟಿಗೆಯಲ್ಲಿ. ತಾತ ಮಾಡಿಸಿದ್ದು. ಅಮ್ಮ ಮಿಂಚುವ ಕೆಂಪು ಉಡುಪು ಹಾಕಿಕೊಂಡು ಒಳಗಿಳಿಯುತ್ತಾಳೆ, ಅಪ್ಪ ಮುಚ್ಚಳ ಹಾಕಿ ಸರಪಳಿ ಸುತ್ತುತ್ತಾನೆ, ಕೈ ಆಡಿಸಿ ಮುಚ್ಚಳ ತೆಗೆದರೆ ಪೆಟ್ಟಿಗೆ ಖಾಲಿ. ಆಮೇಲೆ ಅದೇ ಖಾಲಿ ಪೆಟ್ಟಿಗೆಯಿಂದ ಮೊಲ, ಛತ್ರಿ, ಮುಗಿಯದಷ್ಟು ಬಣ್ಣದ ಕರವಸ್ತ್ರ ಬರುತ್ತವೆ. ಕೊನೆಗೆ ಹಸಿರು ಉಡುಪಿನಲ್ಲಿ ಅಮ್ಮ ಎದ್ದು ನಿಲ್ಲುತ್ತಾಳೆ. ಅಷ್ಟು ಹೊತ್ತು ಅಮ್ಮ ಎಲ್ಲಿದ್ದಳು ಎನ್ನುವುದೇ ಗುಟ್ಟು. ಈಗ ಹೇಳಿದರೆ ತಪ್ಪಿಲ್ಲ. ಪೆಟ್ಟಿಗೆ ಕೂರಿಸುವ ಮೇಜು ನೋಡಲು ತೆಳ್ಳಗಿದ್ದರೂ ಒಳಗೆ ಆಳ ಇದೆ. ಪೆಟ್ಟಿಗೆಯ ತಳ ಸರಿಸಿ ಆ ಮೇಜಿನೊಳಕ್ಕೆ ಇಳಿದು, ಮಂಡಿಯನ್ನು ಎದೆಗೆ ಒತ್ತಿ, ಕತ್ತು ಬಗ್ಗಿಸಿ, ಒಂದು ಮಗ್ಗುಲಾಗಿ ಮಲಗಬೇಕು. ಅದಕ್ಕೆ ನಾವು ಕೆಳಮನೆ ಅನ್ನುತ್ತೇವೆ. ಮೇಲೆ ಅಪ್ಪ ಜೋಕು ಹೊಡೆಯುತ್ತಿರುತ್ತಾನೆ. ಜನ ನಕ್ಕರೆ ಇನ್ನೊಂದು ಜೋಕು. ಜನ ನಕ್ಕಷ್ಟೂ ಅಮ್ಮನಿಗೆ ಕೆಳಮನೆಯ ವಾಸ ಜಾಸ್ತಿ.

ಅಮ್ಮನ ಊಟಕ್ಕೆ ಆ ಮೇಜೇ ಅಳತೆ. ನಮಗೆ ಬುದ್ಧಿ ಬಂದಾಗಿನಿಂದ ಅವಳು ಹೊಟ್ಟೆ ತುಂಬ ತಿಂದದ್ದನ್ನು ನೋಡಿಲ್ಲ. ಆಟ ಇದ್ದ ವಾರ ಅರ್ಧ ಊಟ, ಇಲ್ಲದ ವಾರವೂ ಅರ್ಧವೇ. ಮೇಜು ಅಗಲವಾಗುವುದಿಲ್ಲ, ಮನುಷ್ಯರು ಆಗುತ್ತಾರೆ ಅನ್ನುತ್ತಿದ್ದಳು. ನಾವು ಅದನ್ನು ಜೋಕು ಅಂದುಕೊಂಡು ನಗುತ್ತಿದ್ದೆವು.

ತಂಗಿಗೆ ಆ ಮೈನರ್‌ನಲ್ಲಿ ಕೊಟ್ಟ ಮೊದಲ ಕೆಲಸ ಇದು. ಒಂದು ಕಲಾತಂಡ ಆರಿಸಿಕೊಂಡು, ಅದರಲ್ಲಿ ಯಾರು ಏನು ಮಾಡುತ್ತಾರೆ, ತಂಡದ ಆಸ್ತಿ ಏನು, ಒಬ್ಬರು ಕೈಕೊಟ್ಟರೆ ಬದಲಿ ಯಾರು ಎಂದು ದೊಡ್ಡ ಹಾಳೆಯಲ್ಲಿ ಚೌಕ ಹಾಕಿ ತೋರಿಸಬೇಕು. ಕೊನೆಯಲ್ಲಿ ಆ ತಂಡದವರನ್ನೇ ಕರೆತಂದು ತರಗತಿಯ ಮುಂದೆ ನಿಲ್ಲಿಸಬೇಕು. ಉಳಿದ ಮಕ್ಕಳು ನಾಟಕ ತಂಡ, ಬ್ಯಾಂಡ್ ತಂಡ ಅಂತ ಊರೆಲ್ಲ ಅಲೆದರು. ಇವಳು ಊಟದ ಮೇಜಿನ ಮೇಲೆ ಹಾಳೆ ಹಾಸಿದಳು.

"ಅಪ್ಪ, ನಿನ್ನ ಕೆಲಸ ಹೇಳು."

"ಬರ್ಕೋ. ಸಂಸ್ಥಾಪಕ, ನಿರ್ದೇಶಕ, ಮುಖ್ಯ ಕಲಾವಿದ."

"ಸಂಸ್ಥಾಪಕ ನಿಮ್ಮಪ್ಪ," ಅಂದಳು ಅಜ್ಜಿ, ಆಲೂಗಡ್ಡೆ ಸಿಪ್ಪೆ ಹೆರೆಯುತ್ತ.

"ಅಪ್ಪ ತೀರ್ಕೊಂಡ್ರಲ್ಲಮ್ಮ. ಆ ಹುದ್ದೆ ಖಾಲಿ ಇದೆ."

"ಸರಿ, ನಿನಗೆ ಬದಲಿ ಯಾರು?" ಅಂದಳು ತಂಗಿ.

"ನನಗೆ ಬದಲೀನಾ? ಹುಟ್ಟಿ ಬರಬೇಕು!"

"ಹುಟ್ಟಿದಾನಲ್ಲ, ಅಣ್ಣ. ನಿನಗೆ ಜ್ವರ ಬಂದಾಗ ಶಾಲೆ ಆಟ ಅವನೇ ಮಾಡಿದ್ದು."

"ಏನು ಮಾಡ್ದ? ಮೊಲ ತೆಗೆಯೋ ಕಡೆ ಛತ್ರಿ ತೆಗೆದ."

"ಮಕ್ಕಳು ಚಪ್ಪಾಳೆ ಹೊಡೆದ್ರು," ಅಂದೆ ನಾನು.

"ಮಕ್ಕಳು ಬಲೂನ್ ಒಡೆದ್ರೂ ಚಪ್ಪಾಳೆ ಹೊಡೀತಾರೆ."

ತಂಗಿ ಅಪ್ಪನ ಚೌಕದ ಕೆಳಗೆ, ಬದಲಿ: ಮಗ, ಎಂದು ಬರೆದೇಬಿಟ್ಟಳು. ಆಮೇಲೆ ಅಮ್ಮನ ಸರದಿ. ಅಮ್ಮ ಗೋಡೆಯ ಹತ್ತಿರ ನಿಂತು ಕರವಸ್ತ್ರಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ಉಡುಪು ಹೊಲಿಯುವುದು, ಕೋಟಿನ ಒಳಜೇಬುಗಳಿಗೆ ಟಾಕಾ ಹಾಕುವುದು, ಮೊಲದ ಗೂಡು ತೊಳೆಯುವುದು, ಫೋನಿನಲ್ಲಿ ಆಟ ಗೊತ್ತುಮಾಡುವುದು, ಬಾಕಿ ಇಟ್ಟವರಿಗೆ ನಗುನಗುತ್ತ ನೆನಪಿಸುವುದು ಎಂದು ತಂಗಿ ಬರೆಯುತ್ತ ಹೋದಳು. ಅಮ್ಮನ ಚೌಕ ಸಾಲದೆ ಅಕ್ಷರಗಳು ನನ್ನ ಚೌಕದೊಳಕ್ಕೂ ನುಗ್ಗಿದವು.

"ಕೆಳಮನೆ," ಅಂದಳು ತಂಗಿ ಕೊನೆಗೆ.

"ಹಾಗೆ ಬರೀಬೇಡ!" ಅಪ್ಪ ಹೌಹಾರಿದ. "ಪೆಟ್ಟಿಗೆ ಕೆಲಸ ಅಂತ ಬರಿ. ಅದು ಹೊರಗೆ ಹೋದ್ರೆ ನಾವು ಮುಗಿದ್ವಿ. ಆಸ್ತಿ ಕೇಳಿದಾರಲ್ಲ, ಅಲ್ಲಿ ಮೊದಲು ಅದನ್ನೇ ಬರಿ. ವ್ಯಾನು, ಪೆಟ್ಟಿಗೆ ಎಲ್ಲ ಆಮೇಲೆ. ಮೊದಲ ಆಸ್ತಿ, ಗುಟ್ಟು."

"ಪೆಟ್ಟಿಗೆ ಕೆಲಸಕ್ಕೆ ಬದಲಿ ಯಾರು?"

ಅಜ್ಜಿ ಆಲೂಗಡ್ಡೆಯ ಕಣ್ಣು ಕೀಳುತ್ತ ಕೂತಳು.

"ಖಾಲಿ ಬಿಡು," ಅಂದಳು ಅಮ್ಮ, ಇಸ್ತ್ರಿಪೆಟ್ಟಿಗೆ ಎತ್ತದೆ.

ಮುಂದಿನ ಭಾನುವಾರ ಒಂದು ಶಾಲೆಯಲ್ಲಿ ಆಟವಿತ್ತು. ಮಕ್ಕಳು ಬಿದ್ದುಬಿದ್ದು ನಕ್ಕರು, ಅಪ್ಪ ಹುರುಪಿನಲ್ಲಿ ಜೋಕಿನ ಮೇಲೆ ಜೋಕು ಪೋಣಿಸಿದ. ಕೊನೆಗೆ ಅಮ್ಮ ಹಸಿರು ಉಡುಪಿನಲ್ಲಿ ಎದ್ದಳು, ಆದರೆ ಪೆಟ್ಟಿಗೆಯಿಂದ ಕಾಲು ಹೊರಗಿಡಲಾಗಲಿಲ್ಲ. ಬಲ ಮಂಡಿ ಹಿಡಿದುಕೊಂಡುಬಿಟ್ಟಿತ್ತು. ಅಪ್ಪ ತಡವರಿಸದೆ, "ಮಾಯಾಲೋಕದ ರಸ್ತೆ ಸರಿಯಿಲ್ಲ ಮಕ್ಳೇ, ಹಳ್ಳ ಜಾಸ್ತಿ!" ಅಂದ. ಸಭಾಂಗಣವೇ ಎದ್ದು ಕುಣಿಯಿತು. ಅಮ್ಮನೂ ನಕ್ಕಳು. ನಾನು ಬೆಳಕು ಆರಿಸಿ ಓಡಿಹೋಗಿ ಅವಳನ್ನು ಎತ್ತಿ ಇಳಿಸಿದೆ. ಅವಳ ಕೈ ತಣ್ಣಗಿತ್ತು.

ಅದೇ ವಾರ ಹಾಳೆ ತಿದ್ದಿ ವಾಪಸ್ಸು ಬಂತು. ತಂಗಿಯ ಮೇಡಂ ಹಿಂದೆ ಒಂದು ನಾಟಕಮಂದಿರ ನಡೆಸಿದವರಂತೆ, ಕೈಬರಹ ಖಡಕ್ಕಾಗಿತ್ತು. ಅಪ್ಪನ ಚೌಕದ ಪಕ್ಕ 'ಬದಲಿ ಇದೆ, ತೊಂದರೆಯಿಲ್ಲ' ಎಂದಿತ್ತು. ಅಮ್ಮನ ಚೌಕಕ್ಕೆ ಕೆಂಪು ಸುತ್ತು ಹಾಕಿ, 'ತಂಡ ನಿಂತಿರುವುದು ಇವರೊಬ್ಬರ ಮೇಲೆ. ಬದಲಿ ಸೂಚಿಸಿ' ಎಂದು ಬರೆದಿದ್ದರು.

"ತೊಂದರೆಯಿಲ್ಲ ಅಂದ್ರೆ ಏನರ್ಥ?" ಅಪ್ಪ ಕಾಲೇಜಿಗೇ ಹೊರಟವನಂತೆ ಎದ್ದು ನಿಂತ. "ನಾನು ಹೋದ್ರೆ ತೊಂದರೆಯಿಲ್ವಾ?"

ಅಮ್ಮ ಒದ್ದೆ ಕೈ ಒರೆಸಿಕೊಂಡು, ಕನ್ನಡಕ ಹುಡುಕಿ ಹಾಕಿಕೊಂಡು, ಆ ಕೆಂಪು ಸುತ್ತನ್ನು ಎರಡು ಸಲ ಓದಿದಳು. ಊಟಕ್ಕೆ ಕೂತಾಗ ಹೇಳಿದಳು.

"ನಿಮ್ಮ ಮೇಡಂ ಬರೆದಿರೋದು ಸರಿ. ಬದಲಿ ನೋಡ್ಕೊಳ್ಳಿ. ನಾನಿನ್ನು ಕೆಳಮನೆಗೆ ಇಳಿಯಲ್ಲ."

ಅಪ್ಪ ನಕ್ಕ. "ಮಂಡಿಗೆ ಎಣ್ಣೆ ಹಚ್ಚಿ ತಿಕ್ಕು, ಸರಿಹೋಗುತ್ತೆ."

"ಎಣ್ಣೆ ಬಿಟ್ರೆ ಸರಿಹೋಗೋದು ಬಾಗಿಲು. ನಾನು ಬಾಗಿಲಲ್ಲ ರೀ."

"ಲೇ, ಕಾರ್ಖಾನೆ ಆಟ ಒಪ್ಕೊಂಡಾಗಿದೆ! ಅವರು ಕರೆದಿರೋದೇ ಪೆಟ್ಟಿಗೆ ನೋಡೋಕೆ."

"ಇನ್ನೂ ದಿನ ಇದೆ. ಅದಕ್ಕೇ ಈಗ ಹೇಳಿದ್ದು."

ಹಾಗಂದು ಅಮ್ಮ ಅನ್ನದ ಪಾತ್ರೆ ಹತ್ತಿರ ಎಳೆದುಕೊಂಡು ಎರಡನೇ ಸಲ ಬಡಿಸಿಕೊಂಡಳು. ಅಪ್ಪ, ಅಜ್ಜಿ, ತಂಗಿ, ನಾನು ಎಲ್ಲರೂ ಆ ಸೌಟನ್ನೇ ನೋಡಿದೆವು. ಅವಳು ನಿಧಾನವಾಗಿ ತಿಂದಳು, ತಟ್ಟೆ ಖಾಲಿ ಮಾಡಿದಳು.

ಅಲ್ಲಿಂದ ಮನೆಗೆ ನೆಮ್ಮದಿ ಇಲ್ಲ. ಅಪ್ಪ ಬೆಳಗಿನಿಂದ ಸಂಜೆವರೆಗೆ ನಡುಮನೆಯಲ್ಲಿ ಶತಪಥ ಹಾಕುತ್ತ ಬೆರಳ ಸಂದಿಯಲ್ಲಿ ನಾಣ್ಯ ಉರುಳಿಸುತ್ತಿದ್ದ. ಯಾವತ್ತೂ ಬೀಳದ ನಾಣ್ಯ ಈಗ ಟಣ್ ಟಣ್ ಅಂತ ಬೀಳುತ್ತಿತ್ತು, ಅದು ಮಂಚದ ಕೆಳಗೆ ಹೋದರೆ ಹುಡುಕುವ ಕೆಲಸ ನನಗೆ. ಫೋನು ಹೊಡೆದುಕೊಂಡರೆ ಅಮ್ಮ ಮೊದಲಿನಂತೆಯೇ ಎತ್ತಿ ನಯವಾಗಿ ಮಾತಾಡುತ್ತಿದ್ದಳು. ಇಸ್ತ್ರಿ, ಮೊಲ, ಹೊಲಿಗೆ ಯಾವುದನ್ನೂ ಬಿಡಲಿಲ್ಲ. ಬಿಟ್ಟದ್ದು ಅದೊಂದನ್ನೇ. ಎಲ್ಲ ಬಿಟ್ಟು ಮುನಿಸಿಕೊಂಡು ಕೂತಿದ್ದರೆ ಅಪ್ಪ ಸಮಾಧಾನ ಮಾಡಿ ಗೆಲ್ಲುತ್ತಿದ್ದ. ಇದಕ್ಕೆ ಅವನ ಹತ್ತಿರ ಮದ್ದಿರಲಿಲ್ಲ.

"ಎಲ್ಲಾ ನಿನ್ನ ಮೈನರ್‌ನಿಂದ!" ಎಂದು ತಂಗಿಯ ಮೇಲೆ ಹರಿಹಾಯ್ದ.

"ನಾನೇನು ಮಾಡ್ದೆ? ಚೌಕ ಹಾಕ್ದೆ ಅಷ್ಟೇ."

"ಮಾತು ಮನೆ ಕೆಡಿಸ್ತು, ತೂತು ಓಲೆ ಕೆಡಿಸ್ತು ಅಂತಿದ್ರು ಹಿರಿಯರು," ಅಂದಳು ಅಜ್ಜಿ. "ಈ ಮನೇನ ಚೌಕ ಕೆಡಿಸ್ತು."

"ಜಗಳ ಸಾಕು. ಬೇರೆ ಯಾರನ್ನಾದ್ರೂ ಹುಡುಕೋಣ," ಅಂದೆ ನಾನು. ನನ್ನ ಮಾತು ಆ ಮನೆಯಲ್ಲಿ ನಡೆದದ್ದು ಅದೊಂದೇ ಸಲ.

ಪಕ್ಕದ ಬೀದಿಯ ವ್ಯಾಯಾಮಶಾಲೆಯಲ್ಲಿ ಕಸರತ್ತು ಕಲಿಸುವ ಒಬ್ಬ ಹುಡುಗಿ ಇದ್ದಳು. ಕಡ್ಡಿಯಂಥವಳು, ಹೇಗೆ ಬೇಕಾದರೂ ಮಡಚಿಕೊಳ್ಳುತ್ತಿದ್ದಳು. ಕರೆದೆವು. ಅಮ್ಮ ಟೀ, ಬಿಸ್ಕತ್ತು ಕೊಟ್ಟಳು. ಅಪ್ಪ ಕೋಟು ಹಾಕಿಕೊಂಡೇ ಕೂತ.

"ಕಲೆಗೆ ಸೇವೆ ಸಲ್ಲಿಸೋ ಅವಕಾಶ ಇದು," ಅಂದ.

"ಸಂತೋಷ ಅಂಕಲ್. ಎಷ್ಟು ಹೊತ್ತು ಒಳಗಿರಬೇಕು?"

"ಅದು ಜನರ ಮೇಲೆ ಹೋಗುತ್ತೆ."

"ಜನರ ಮೇಲೆ ಹೋದ್ರೆ ಹೇಗೆ? ಒಂದು ಮಿತಿ ಬೇಕಲ್ವಾ? ಗಾಳಿ ಬರುತ್ತಾ? ಏನಾದ್ರೂ ಆದ್ರೆ ಆಸ್ಪತ್ರೆ ಖರ್ಚು ಯಾರದು? ಒಪ್ಪಂದ ಬರೆದು ಕೊಡ್ತೀರಾ?"

"ಕರೆಕ್ಟ್!" ಎಂದು ತಂಗಿ ಕುರ್ಚಿಯಿಂದ ಜಿಗಿದಳು. "ಹೋದ ವಾರ ನಮಗೆ ಇದೇ ಪಾಠ ಆಯ್ತು. ಕಲಾವಿದರ ಸುರಕ್ಷತೆ!"

ಅಪ್ಪನ ಮುಖ ನೋಡಿ ಆ ಹುಡುಗಿ ಟೀ ಲೋಟ ಕೆಳಗಿಟ್ಟು, ಯೋಚನೆ ಮಾಡಿ ಹೇಳಿ ಎಂದು ಹೊರಟಳು. ಅವಳು ಗೇಟು ದಾಟುವ ತನಕ ಅಪ್ಪ ತಡೆದುಕೊಂಡಿದ್ದ.

"ಗಾಳಿಯಂತೆ, ಒಪ್ಪಂದವಂತೆ! ನಿಮ್ಮಮ್ಮ ಒಂದು ದಿನ ಕೇಳಿದ್ಲಾ?"

"ನನ್ನನ್ನ ಟೀ ಕೊಟ್ಟು ಕರೆದಿರಲಿಲ್ಲ," ಅಂದಳು ಅಮ್ಮ, ಲೋಟಗಳನ್ನು ಎತ್ತಿಕೊಳ್ಳುತ್ತ.

ಎರಡು ದಿನ ಅಪ್ಪ ಮಂಕಾಗಿ ಕೂತಿದ್ದ. ಮೂರನೇ ಬೆಳಿಗ್ಗೆ ತಂಗಿಯ ಹಾಳೆ ಬಿಡಿಸಿ, ಕೆಂಪು ಸುತ್ತಿನ ಪಕ್ಕದ ಖಾಲಿ ಜಾಗದಲ್ಲಿ ಪೆನ್ಸಿಲಿನಿಂದ ಏನೋ ಗೀಚಿದ. ತಂಗಿ ಹಲ್ಲುಜ್ಜುತ್ತ ಬಂದು ನೋಡಿದಳು. 'ಬದಲಿ: ಮಗಳು' ಎಂದಿತ್ತು.

"ತೆಳ್ಳಗಿದೀಯ, ಎತ್ತರ ಕಡಿಮೆ," ಅಂದ ಅಪ್ಪ, ಅವಳ ಮುಖ ನೋಡದೆ. "ಕಾರ್ಖಾನೆ ಆಟ ಒಂದು ಆಗಿಹೋಗ್ಲಿ. ಆಮೇಲೆ ನೋಡೋಣ."

"ಒಂದೇ ಆಟ?"

"ಒಂದೇ. ನಿನ್ನ ಹಾಳೆಯೂ ಪೂರ್ತಿ ಆಗುತ್ತೆ, ಮೇಡಂ ಮುಂದೆ ಮಾನವೂ ಉಳಿಯುತ್ತೆ."

ಅಮ್ಮನ ಮಂಡಿ ಉಳಿಯುತ್ತದೆ ಎಂದು ತಂಗಿ ಅಂದುಕೊಂಡಳೋ, ತನ್ನಿಂದಲೇ ಎಲ್ಲ ಶುರುವಾದದ್ದು ಅಂದುಕೊಂಡಳೋ, ಹೂಂ ಅಂದುಬಿಟ್ಟಳು. ತಂಡ ನಡೆಸುವುದನ್ನು ಓದಲು ಹೋದವಳಿಗೆ ತಂಡದಲ್ಲಿ ಸಿಕ್ಕ ಹುದ್ದೆ ಇದು! ನನಗೆ ಮೈಯೆಲ್ಲ ಉರಿಯಿತು. ಆದರೆ ಉರಿದದ್ದು ಒಳಗೇ.

ಶನಿವಾರ ಮಧ್ಯಾಹ್ನ ಗ್ಯಾರೇಜಿನಲ್ಲಿ ತಾಲೀಮು. ತಂಗಿ ಪೆಟ್ಟಿಗೆಯೊಳಗೆ ಇಳಿದಳು, ತಳ ಸರಿಯಿತು, ಮುಚ್ಚಳ ಬಿತ್ತು. ಅಪ್ಪ ಮೊದಮೊದಲು, "ಪುಟ್ಟೀ, ಸರಿಯಿದೀಯಾ?" ಎಂದು ಕೇಳುತ್ತಿದ್ದ. ಆಮೇಲೆ ಮೊಲ ಕೈಗೆ ಬಂತು, ಕರವಸ್ತ್ರ ಬಂತು, ಎದುರಿಗೆ ಇದ್ದ ಖಾಲಿ ಗೋಡೆ ಅವನ ಕಣ್ಣಿಗೆ ತುಂಬಿದ ಸಭೆಯಾಯಿತು. ಒಂದು ಹೊಸ ಜೋಕು ಹೊಳೆದು ಅದನ್ನು ಮೂರು ಥರ ಹೇಳಿ ನೋಡಿದ. "ಅಪ್ಪಾ, ಸಾಕು," ಎಂದು ನಾನು ಎರಡು ಸಲ ಕೂಗಬೇಕಾಯಿತು. ಹೊರಗೆ ಬಂದ ತಂಗಿಯ ಕೆನ್ನೆಯ ಮೇಲೆ ಹಲಗೆಯ ಗೆರೆ ಮೂಡಿತ್ತು.

"ಹೇಗಿತ್ತು?" ಅಂದ ಅಪ್ಪ, ಮುಖ ಅರಳಿಸಿಕೊಂಡು.

"ಪರವಾಗಿಲ್ಲ," ಅಂದಳು. "ಕೆಳಗಿಂದ ನಿನ್ನ ಬೂಟು ಮಾತ್ರ ಕೇಳುತ್ತೆ."

ರಾತ್ರಿ ಊಟಕ್ಕೆ ಕೂತೆವು. ಅಮ್ಮ ತಂಗಿಯ ತಟ್ಟೆಗೆ ಅನ್ನ ಹಾಕಿದಳು, ಇನ್ನೊಂದು ಸೌಟು ಎತ್ತಿದಳು. ತಂಗಿ ಕೈ ಅಡ್ಡ ಹಿಡಿದಳು.

"ಸಾಕಮ್ಮ."

"ಯಾಕೆ? ಹಸಿವಿಲ್ವಾ?"

"ಇದೆ. ಆಟ ಮುಗಿಯೋ ತನಕ ಸ್ವಲ್ಪ ಕಡಿಮೆ ತಿಂತೀನಿ. ಮಂಡಿ ಮಡಚುವಾಗ ಹೊಟ್ಟೆ ಒತ್ತುತ್ತೆ."

ಅಮ್ಮ ಸೌಟನ್ನು ಪಾತ್ರೆಯಲ್ಲಿ ಬಿಟ್ಟು ಕೂತಳು. ಅಪ್ಪನನ್ನು ನೋಡಿದಳು. ಅಪ್ಪ ತಟ್ಟೆಯಲ್ಲಿ ಏನೋ ಹುಡುಕುತ್ತಿದ್ದ.

"ಪುಟ್ಟಿ, ನಿಮ್ಮ ಕಾಲೇಜಿಗೆ ತಂಡದೋರು ಬರಬೇಕು ಅಂದಿದ್ರಲ್ಲ, ಯಾವತ್ತು?"

"ಬುಧವಾರ. ಅಪ್ಪ ಬರ್ತಾನೆ."

"ನಾನೂ ಬರ್ತೀನಿ," ಅಂದಳು ಅಮ್ಮ.

ಮರುದಿನ ಅಡುಗೆಮನೆಯ ಬಲ್ಬು ಹೋಗಿತ್ತು. ನಾನು ಸ್ಟೂಲಿನ ಮೇಲೆ ನಿಂತು ಹೋಲ್ಡರ್ ಬಿಚ್ಚುತ್ತಿದ್ದೆ. ಕೆಳಗೆ ಅಜ್ಜಿ, ಅಮ್ಮ ಇಬ್ಬರೂ ಬಟಾಣಿ ಸುಲಿಯುತ್ತಿದ್ದರು. ಮೇಲೆ ನಿಂತವನನ್ನು ಹೆಂಗಸರು ಪೂರ್ತಿ ಮರೆತುಬಿಡುತ್ತಾರೆ.

"ಮುಖ ಯಾಕೆ ಹಾಗಿಟ್ಕೊಂಡಿದೀಯ?" ಅಂದಳು ಅಜ್ಜಿ. "ಆ ಕೆಳಮನೇಲಿ ನಾನು ಕೂತೆ, ನೀನು ಕೂತೆ, ಅವಳೂ ಕೂರ್ತಾಳೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ."

"ಅದು ಅತ್ತೆ-ಸೊಸೆ ಲೆಕ್ಕ. ಇವಳು ಮಗಳು. ನೀವು ಯಾಕೆ ಬಿಟ್ರಿ ಅತ್ತೆ?"

"ಸೊಂಟ ನೋವಿತ್ತಲ್ಲೇ."

"ನಾನು ಈ ಮನೆಗೆ ಬಂದ ವಾರಾನೇ ಶುರುವಾಯ್ತು."

ಬಟಾಣಿ ಸುಲಿಯುವ ಸದ್ದು ನಿಂತಿತು. "ನಿನಗೆ ಗೊತ್ತಿತ್ತಾ?" ಅಂದಳು ಅಜ್ಜಿ.

"ಹಿಟ್ಟಿನ ಮೂಟೆ ಎತ್ತಿ ಅಟ್ಟಕ್ಕೆ ಹಾಕ್ತಿದ್ರಲ್ಲ, ಯಾರೂ ಇಲ್ಲದಾಗ."

"ಗೊತ್ತಿದ್ದೂ ಯಾಕೆ ಸುಮ್ನಿದ್ದೆ?"

"ಹೇಳಿದ್ರೆ ನೀವು ವಾಪಸ್ ಒಳಗೆ ಹೋಗ್ತಿದ್ರಾ?"

ಅಜ್ಜಿ ಸಣ್ಣ ದನಿಯಲ್ಲಿ, "ಹೋಗ್ತಿರ್ಲಿಲ್ಲ," ಅಂದಳು. "ಏನು ಮಾಡ್ಬೇಕಿತ್ತೇ ನಾನು? ಒಬ್ರು ಒಳಗೆ ಹೋದ್ರೆ ತಾನೇ ಇನ್ನೊಬ್ರು ಹೊರಗೆ ಬರೋದು. ಬೇರೆ ದಾರಿ ಎಲ್ಲಿತ್ತು?"

ಅಮ್ಮ ಬಟ್ಟಲನ್ನು ತನ್ನ ಕಡೆ ಎಳೆದುಕೊಂಡು, ಅಜ್ಜಿಯ ಪಾಲಿನ ಬಟಾಣಿಯನ್ನೂ ತಾನೇ ಸುಲಿಯತೊಡಗಿದಳು. ನಾನು ಬಲ್ಬು ಹಾಕಿದೆ. ಬೆಳಕು ಬಿದ್ದಾಗ ಇಬ್ಬರೂ ತಲೆಯೆತ್ತಿ ನೋಡಿ, ಇವನು ಇಲ್ಲೇ ಇದ್ದನಾ ಎನ್ನುವಂತೆ ಮುಖ ಮಾಡಿದರು.

ಬುಧವಾರ ಅಪ್ಪ ಹಟ ಹಿಡಿದು ಮೇಜು, ಪೆಟ್ಟಿಗೆ ಎರಡನ್ನೂ ವ್ಯಾನಿಗೆ ಏರಿಸಿದ. ಬರೀ ಮಾತಿನಲ್ಲಿ ಏನಿದೆ, ಆಟ ತೋರಿಸಿಯೇ ಬಿಡೋಣ, ಪುಟ್ಟಿಗೆ ಕಾರ್ಖಾನೆಗೆ ಮುಂಚೆ ಒಂದು ಅಭ್ಯಾಸವೂ ಆಗುತ್ತದೆ ಅಂದ. ಅಮ್ಮ ತಡೆಯಲಿಲ್ಲ. ತನ್ನ ಕೆಂಪು ಉಡುಪನ್ನು ಪಿನ್ನು ಚುಚ್ಚಿ ತಂಗಿಯ ಮೈಗೆ ಬಿಗಿಮಾಡಿದ್ದು ಅವಳೇ. ಅಜ್ಜಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

ತರಗತಿಯ ಕೋಣೆ ದೊಡ್ಡದಿತ್ತು. ಮೆಟ್ಟಿಲು ಮೆಟ್ಟಿಲಾಗಿ ಬೆಂಚುಗಳು, ತುಂಬ ಹುಡುಗರು, ಹುಡುಗಿಯರು. ಮೇಡಂ ಗಿಡ್ಡ ಹೆಂಗಸು, ಮಾತು ಚುರುಕು.

"ಬನ್ನಿ ಪ್ರೊಫೆಸರ್," ಅಂದರು.

"ನೀವೂ ಪ್ರೊಫೆಸರ್, ನಾನೂ ಪ್ರೊಫೆಸರ್," ಅಂದ ಅಪ್ಪ. "ವ್ಯತ್ಯಾಸ ಇಷ್ಟೇ, ನನ್ನ ಪಾಠಕ್ಕೆ ಯಾರೂ ನಿದ್ದೆ ಮಾಡಲ್ಲ!"

ಮಕ್ಕಳು ಬೆಂಚು ಗುದ್ದಿ ನಕ್ಕರು. ಅಪ್ಪನಿಗೆ ರೆಕ್ಕೆ ಬಂತು. ತಾತನ ಕಥೆ ಹೇಳಿದ, ತಂಡದ ಘನತೆ ಹೇಳಿದ, ಕಣ್ಣಿಗೆ ಕಾಣದ ಆಸ್ತಿಯೇ ದೊಡ್ಡ ಆಸ್ತಿ ಎಂದು ಮಗಳ ಪಾಠವನ್ನೇ ತನ್ನದೆಂಬಂತೆ ಒಪ್ಪಿಸಿದ. ತಂಗಿ ಹಾಳೆಯನ್ನು ಗೋಡೆಗೆ ಅಂಟಿಸಿದಳು. ಪೆನ್ಸಿಲಿನ 'ಮಗಳು' ಈಗ ಶಾಯಿಯಲ್ಲಿತ್ತು.

"ಈಗ ನೋಡಿ!" ಎಂದು ಅಪ್ಪ ಮುಚ್ಚಳ ತೆರೆದ. ತಂಗಿ ಉಡುಪಿನ ಅಂಚು ಎತ್ತಿಕೊಂಡು ಒಂದು ಕಾಲು ಪೆಟ್ಟಿಗೆಯೊಳಗೆ ಇಟ್ಟಳು.

"ಒಂದು ನಿಮಿಷ," ಅಂದರು ಮೇಡಂ. ಮೂಲೆಯ ಕುರ್ಚಿಯಲ್ಲಿ ಕೂತಿದ್ದ ಅಮ್ಮನ ಕಡೆ ತಿರುಗಿದರು. "ಈ ಹಾಳೆಯಲ್ಲಿ ಅತಿ ಹೆಚ್ಚು ಕೆಲಸ ಇರೋದು ನಿಮ್ಮ ಹೆಸರಲ್ಲಿ. ಪೆಟ್ಟಿಗೆ ಕೆಲಸ ಅಂದ್ರೆ ಏನು, ನೀವು ಹೇಳ್ತೀರಾ?"

"ಅವಳು ಮಾಯ ಆಗ್ತಾಳೆ ಮೇಡಂ," ಅಂದ ಅಪ್ಪ.

"ನಾನು ಅವರನ್ನ ಕೇಳಿದೆ."

ಅಮ್ಮ ಎದ್ದಳು. ಕುಂಟುತ್ತ ಬಂದು ಮೇಜಿನ ಪಕ್ಕ ನಿಂತಳು. ಅಷ್ಟು ಜನರ ಮುಂದೆ ಅವಳು ಮಾತಾಡಿದ್ದನ್ನು ನಾನು ಅವತ್ತೇ ಮೊದಲು ಕೇಳಿದ್ದು. ಇಷ್ಟು ವರ್ಷ ವೇದಿಕೆ ಮೇಲೆ ಇದ್ದರೂ ಅವಳಿಗೆ ಒಂದು ಸಾಲು ಮಾತಿರಲಿಲ್ಲ.

"ನಾನು ಮಾಯ ಆಗಲ್ಲ ಮೇಡಂ," ಅಂದಳು. "ಇಲ್ಲೇ ಇರ್ತೀನಿ."

ಮೇಜಿನ ಸುತ್ತ ಇಳಿಬಿಟ್ಟಿದ್ದ ನೆರಿಗೆ ಬಟ್ಟೆಯನ್ನು ಎತ್ತಿ ಹಲಗೆಯ ಮೇಲೆ ಬೆರಳ ಗೆಣ್ಣಿನಿಂದ ಬಡಿದಳು. ಪೊಳ್ಳು ಸದ್ದು ಬಂತು. ಚಿಲಕ ಸರಿಸಿ ಪಕ್ಕದ ಹಲಗೆಯನ್ನೇ ಕಿತ್ತು ನೆಲಕ್ಕಿಟ್ಟಳು.

"ತಲೆ ಈ ಕಡೆ. ಮಂಡಿ ಎದೆಗೆ. ಕೈ ಹೀಗೆ ಮಡಚಿ ಕತ್ತಿನ ಕೆಳಗೆ. ಮೇಲೆ ಇವರು ಮಾತಾಡ್ತಿರ್ತಾರೆ, ನೀವು ನಗ್ತಿರ್ತೀರ. ನೀವು ನಗೋದು ನಿಲ್ಲಿಸಿದ ಮೇಲೆ ನಾನು ಹೊರಗೆ ಬರ್ತೀನಿ. ಬನ್ನಿ, ಹತ್ತಿರ ಬಂದು ನೋಡಿ."

"ಲೇ!" ಅಂದ ಅಪ್ಪ.

ಮಕ್ಕಳು ಬೆಂಚು ದಾಟಿ ಬಂದರು. ಫೋನುಗಳು ಮೇಲೆದ್ದವು. ಒಬ್ಬ ಉದ್ದನೆಯ ಹುಡುಗ ಬಗ್ಗಿ ಒಳಗೆ ತೋಳು ಚಾಚಿ ನೋಡಿದ. "ಇಷ್ಟೇ ಜಾಗಾನಾ ಆಂಟಿ?" ಅಂದ. ಯಾರೂ ನಗಲಿಲ್ಲ. ಒಬ್ಬಳು ಹುಡುಗಿ ಪಕ್ಕದವಳಿಗೆ ವಿಡಿಯೊ ಕಳಿಸುತ್ತಿದ್ದದ್ದು ನನಗೆ ಕಾಣುತ್ತಿತ್ತು. ಸಂಜೆಯೊಳಗೆ ಇದು ಊರೆಲ್ಲ ಹೋಗುತ್ತದೆ ಎಂದು ಗೊತ್ತಾಗಲು ಯಾವ ಓದೂ ಬೇಕಿರಲಿಲ್ಲ. ಅಪ್ಪ ಮೊಲವನ್ನು ಎದೆಗೆ ಅವಚಿಕೊಂಡು ನಿಂತಿದ್ದ.

ತಂಗಿ ಇನ್ನೂ ಪೆಟ್ಟಿಗೆಯಲ್ಲಿ ಒಂದು ಕಾಲು ಇಟ್ಟುಕೊಂಡೇ ಇದ್ದಳು.

"ಪುಟ್ಟಿ, ಕಾಲು ತೆಗಿ," ಅಂದಳು ಅಮ್ಮ. "ಇನ್ನು ಅದರಲ್ಲಿ ಏನೂ ಇಲ್ಲ."

ಮೇಡಂ ಹಾಳೆಯನ್ನು ನೋಡಿದರು, ಅಮ್ಮನನ್ನು ನೋಡಿದರು. "ಇದು ನಿಮ್ಮ ತಂಡದ ಮೊದಲ ಆಸ್ತಿ ಅಂತ ಬರೆದಿದೆ ಇಲ್ಲಿ."

"ಹೌದು ಮೇಡಂ," ಅಂದಳು ಅಮ್ಮ. "ಖರ್ಚು ಮಾಡ್ದೆ."

ವಾಪಸ್ಸು ಬರುವಾಗ ವ್ಯಾನು ನಾನು ಓಡಿಸುತ್ತಿದ್ದೆ. ಅಪ್ಪ ನನ್ನ ಪಕ್ಕ, ಅಮ್ಮ ಮತ್ತು ತಂಗಿ ಹಿಂದಿನ ಸೀಟಿನಲ್ಲಿ. ಪೆಟ್ಟಿಗೆಯ ಸರಪಳಿ ಗುಂಡಿ ಬಂದಾಗಲೆಲ್ಲ ಗಲಗಲ ಅನ್ನುತ್ತಿತ್ತು. ಮಾರುಕಟ್ಟೆ ದಾಟಿದ ಮೇಲೆ ಅಪ್ಪ ಹಿಂದಕ್ಕೆ ತಿರುಗಿದ.

"ನಮ್ಮಪ್ಪನ ಕಾಲದಿಂದ ಕಾಪಾಡಿದ ಗುಟ್ಟು. ಒಂದು ಮಾತಲ್ಲಿ ಕಳೆದೆ. ಯಾಕೆ ಹೀಗೆ ಮಾಡ್ದೆ?"

"ಕಾಪಾಡಿದ್ದು ಯಾರು, ಒಳಗೆ ಯಾರಿದ್ರು, ಬಿಡಿ ಅದನ್ನ. ನಾನು ಇಳಿಯಲ್ಲ ಅಂದೆ, ನೀವು ಇವಳನ್ನ ಇಳಿಸಿದ್ರಿ. ಇವಳಾದ ಮೇಲೆ ಇವನ ಹೆಂಡತಿ ಬರ್ತಾಳೆ, ಅವಳನ್ನ ಇಳಿಸ್ತಿದ್ರಿ."

ನಾನು ಗೇರು ತಪ್ಪಾಗಿ ಹಾಕಿದೆ. ವ್ಯಾನು ಮುಗ್ಗರಿಸಿತು.

"ನಾನು ಬಲವಂತ ಮಾಡಿದ್ನಾ?" ಅಪ್ಪನ ದನಿ ಒಡೆಯಿತು. "ಅವಳೇ ಒಪ್ಪಿದ್ಲು. ಕೇಳು ಬೇಕಾದ್ರೆ. ಅವಳೇ ಹೂಂ ಅಂದ್ಲು!"

"ನಾನೂ ಹೂಂ ಅಂದಿದ್ದೆ," ಅಂದಳು ಅಮ್ಮ.

ಅಪ್ಪ ಮುಂದಕ್ಕೆ ತಿರುಗಿ ಕೂತ. ತಂಗಿ ಅಮ್ಮನ ಭುಜಕ್ಕೆ ತಲೆ ಒರಗಿಸಿ ಅಳುತ್ತಿದ್ದಳು. ನಗುತ್ತಲೂ ಇದ್ದಳೇನೋ, ಕನ್ನಡಿಯಲ್ಲಿ ಸರಿಯಾಗಿ ಕಾಣಲಿಲ್ಲ. ಅಮ್ಮ ಅವಳ ಬೆನ್ನಿನ ಪಿನ್ನುಗಳನ್ನು ಒಂದೊಂದಾಗಿ ತೆಗೆದು ತನ್ನ ತುಟಿಯಲ್ಲಿ ಕಚ್ಚಿಕೊಳ್ಳುತ್ತಿದ್ದಳು. ರೈಲ್ವೆ ಗೇಟು ಹಾಕಿತ್ತು. ನಾನು ಎಂಜಿನ್ ಆರಿಸಿದೆ.

"ಭಾನುವಾರ ಕಾರ್ಖಾನೆಯೋರು ಪೆಟ್ಟಿಗೆ ಕೇಳ್ತಾರೆ," ಅಂದ ಅಪ್ಪ. ಈ ಸಲ ದನಿಯಲ್ಲಿ ಸಿಟ್ಟಿರಲಿಲ್ಲ. ದಾರಿ ತಪ್ಪಿದವನು ದಾರಿ ಕೇಳುವ ಹಾಗಿತ್ತು. "ಅಷ್ಟು ಜನರ ಮುಂದೆ ನಾನು ಏನು ಮಾಡ್ಲಿ, ಹೇಳು?"

ಅಮ್ಮ ತುಟಿಯಲ್ಲಿದ್ದ ಪಿನ್ನುಗಳನ್ನೆಲ್ಲ ಅಂಗೈಗೆ ತೆಗೆದುಕೊಂಡಳು.

"ಜಾದೂಗಾರರು ನೀವಲ್ವಾ?" ಅಂದಳು. "ಮಾಡಿ ಏನಾದ್ರೂ."